ಎಡ ಹಿಂಚಕ್ರ

ಇದು ನಮ್ಮ ಪಕ್ಕದ ಮನೆಯ ಯೋಸ್ಟ್‌ಗೆ ಆದದ್ದು. ಅವನೇ ಹೇಳಿದ್ದು. ಅದೂ ಒಂದೇ ಸಲ.

ಕಳೆದ ನವೆಂಬರ್, ರಾತ್ರಿ ಒಂಬತ್ತೂವರೆ. ಯೋಸ್ಟ್ ಗ್ಯಾರೇಜಿಗೆ ಬೀಗ ಹಾಕಿ ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ನಮ್ಮೂರ ಹಳೇ ಬಾವಿ, ಪಕ್ಕದಲ್ಲೇ ಲಿಂಡನ್ ಮರ. ಎಲೆಯೆಲ್ಲ ಉದುರಿತ್ತು. ಗಾಳಿ ಇರಲಿಲ್ಲ. ದೂರದ ಹೆದ್ದಾರಿಯ ಭೋರ್ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಬಾವಿಕಟ್ಟೆ ದಾಟುವಾಗ ಕೇಳಿಸಿತು.

ಟಣ್... ಟಣ್... ಟಕ್.

ಗ್ಯಾರೇಜಿನ ಕಡೆಯಿಂದ. ಬೆರಳ ಗೆಣ್ಣಿನಿಂದ ಕಬ್ಬಿಣ ಬಡಿದ ಹಾಗೆ. ಮೊದಲೆರಡು ಸ್ಪಷ್ಟ. ಮೂರನೆಯದು ಒದ್ದೆ ಮರಕ್ಕೆ ಬಡಿದಂತೆ ಮಂಕು.

ಒಳಗೆ ಇದ್ದದ್ದು ಒಂದೇ ಕಾರು. ಇಮ್ಕೆಯದು. ಅವಳು ರಾತ್ರಿಪಾಳಿ ನರ್ಸ್. ದಿನಾ ಸಂಜೆ ಎಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಹ್ಯಾಂಬುರ್ಗಿಗೆ ಹೋಗುವವಳು. ನೂರೈವತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಕಾರು ಗಡಗಡ ನಡುಗುತ್ತಿತ್ತು. ಹೋದ ವಾರ ಆ ನಡುಕಕ್ಕೆ ಹೆದರಿ ಬ್ರೇಕಿನ ಮೇಲಿನ ಕಾಲು ಸಡಿಲಿಸಿದ್ದಳು. ಮುಂದಿದ್ದ ಲಾರಿಗೆ ಒಂದು ಗೇಣು ಉಳಿದಿತ್ತು.

ಯೋಸ್ಟ್ ಮುಂದಿನ ಚಕ್ರಗಳ ಬ್ರೇಕ್ ಡಿಸ್ಕ್‌ಗಳನ್ನು ಎರಡು ಸಲ ಬದಲಾಯಿಸಿದ್ದ. ಎರಡು ಸಲವೂ ನಡುಕ ಹೋಗಲಿಲ್ಲ. ಆ ಸಂಜೆ ಕಾರು ಮೂರನೇ ಸಲ ತಂದು ಬಿಟ್ಟಾಗ ಇಮ್ಕೆ ಹೇಳಿದ್ದಳು.

"ನಡುಗೋದು ಸ್ಟೀರಿಂಗ್ ಅಲ್ಲ ಕಣೋ. ನನ್ನ ಸೀಟು."

"ಅಕ್ಕಾ, ಇಂಥ ನಡುಕ ಅಂದ್ರೆ ಮುಂದಿನ ಡಿಸ್ಕೇ."

"ಅದರಲ್ಲಿ ಕೂತ್ಕೊಳ್ಳೋಳು ನಾನೋ ನೀನೋ?"

ಯೋಸ್ಟ್ ನಕ್ಕಿದ್ದ. ಅವಳು ನಕ್ಕಿರಲಿಲ್ಲ. "ನಾಳೆ ಸಂಜೆ ಮತ್ತೆ ಪಾಳಿ ಇದೆ. ನಾನು ಮನೆಗೆ ವಾಪಸ್ ಬರಬೇಕು, ತಮ್ಮಾ. ಅಷ್ಟೇ" ಅಂದಿದ್ದಳು.

ಈಗ ಆ ಕಾರಿಗೆ ಕತ್ತಲಲ್ಲಿ ಯಾರೋ ಕೈ ಹಾಕುತ್ತಿದ್ದಾರೆ! ಯೋಸ್ಟ್‌ಗೆ ಒಮ್ಮೆಲೇ ಎಲ್ಲ ಹೊಂದಿಕೆಯಾಯಿತು. ತಾನು ಸರಿಮಾಡುವುದು, ಇನ್ನೊಬ್ಬರು ಕೆಡಿಸುವುದು... ಅವನು ಸದ್ದಾಗದಂತೆ ಹಿಂದಕ್ಕೆ ನಡೆದ.

ಗ್ಯಾರೇಜಿನ ಗೋಡೆಯ ಪಕ್ಕ ಯಾರೋ ನಿಂತಿದ್ದರು. ಗೇರ್ಟ್. ಗ್ಯಾರೇಜಿನ ಯಜಮಾನ.

"ಮೇಸ್ತ್ರೀ... ಒಳಗಿದ್ರಾ?"

"ನಾನಾ? ನೀನಲ್ವೇನೋ ಒಳಗಿದ್ದದ್ದು?" ಗೇರ್ಟ್‌ನ ದನಿಯೂ ಪಿಸುಮಾತೇ.

"ನಾನು ಬಾವಿ ಹತ್ರ ಇದ್ದೆ. ಸದ್ದು ಕೇಳಿಸ್ತು."

"ನಂಗೂ ಕೇಳಿಸ್ತು."

ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡರು. ಬೀಗ ತೆಗೆದು ದೀಪ ಹಾಕಿದರು. ಯಾರೂ ಇಲ್ಲ. ಕಿಟಕಿಗಳು ಭದ್ರ. ಕಾರು ಇದ್ದ ಹಾಗೇ ಇತ್ತು.

"ಕಾರು ಹತ್ತು. ಓಡಿಸಿ ನೋಡೋಣ" ಅಂದ ಗೇರ್ಟ್. "ಇದು ಮೂರನೇ ಸಲ. ಊರವರು ನಗೋಕೆ ಶುರುಮಾಡಿದ್ದಾರೆ."

ಹೆದ್ದಾರಿಯಲ್ಲಿ ಯೋಸ್ಟ್ ನೂರೈವತ್ತು ಮುಟ್ಟಿಸಿದ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಬ್ರೇಕ್ ಒತ್ತಿದ.

ಗಡಗಡಗಡ... ಗಡ... ಗಡ... ವೇಗ ಇಳಿದಂತೆ ನಡುಕವೂ ನಿಧಾನವಾಯಿತು. ಸ್ಟೀರಿಂಗ್ ಮಾತ್ರ ಅಲುಗಲಿಲ್ಲ. ನಡುಗಿದ್ದು ಸೀಟು.

ಮುಂದಿನ ಚಕ್ರದ ದೋಷವಾದರೆ ಮೊದಲು ಕೈಗೆ ಗೊತ್ತಾಗುತ್ತದೆ. ಹಿಂದಿನದಾದರೆ ಕೂತ ಜಾಗಕ್ಕೆ. ಕೆಲಸ ಕಲಿತ ಮೊದಲ ತಿಂಗಳಲ್ಲೇ ಹೇಳಿಕೊಟ್ಟ ಪಾಠ. ಯೋಸ್ಟ್ ಈ ಕಾರನ್ನು ಊರೊಳಗಿನ ರಸ್ತೆ ಬಿಟ್ಟು ಓಡಿಸಿಯೇ ಇರಲಿಲ್ಲ.

"ಆ ಹೆಂಗಸು ಹೇಳ್ಲಿಲ್ವಾ?"

"...ಹೇಳಿದ್ಲು."

 ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದರು. ನಿಶ್ಶಬ್ದ. ಆಮೇಲೆ... ಬಲಗಡೆ, ಹಿಂದಿನಿಂದ...

ಟಣ್... ಟಣ್... ಟಕ್.

"ಡಿಸ್ಕ್ ಆರ್ತಾ ಇದೆ. ಬಿಸಿಯಾಗಿತ್ತಲ್ಲ" ಅಂದ ಯೋಸ್ಟ್.

"ಆರೋ ಕಬ್ಬಿಣ ಲೆಕ್ಕ ಇಟ್ಕೊಂಡು ಬಡಿಯುತ್ತೇನೋ?"

ಮತ್ತೆ. ಟಣ್... ಟಣ್... ಟಕ್.

ಇಬ್ಬರಿಗೂ ಆ ಲೆಕ್ಕ ಗೊತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಎಗ್ಗರ್ಟ್ ಅಜ್ಜ ನಲವತ್ತು ವರ್ಷ ಅದೇ ಗ್ಯಾರೇಜಿನಲ್ಲಿ ದುಡಿದವನು. ಡಿಸ್ಕ್ ಕೂರುವ ಹಬ್ಬು, ಅಂದರೆ ಚಕ್ರದ ನಡುವಿನ ಕಬ್ಬಿಣದ ಗುಂಬವನ್ನು, ತಂತಿ ಬ್ರಷ್ಷಿನಿಂದ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜುತ್ತಿದ್ದ. ಅದರ ಮೇಲೆ ಹಳದಿ ಸೀಮೆಸುಣ್ಣದ ಒಂದು ಗೆರೆ. ಆಮೇಲೆ ಡಿಸ್ಕ್ ಕೂರಿಸಿ, ಸುತ್ತ ಮೂರು ಕಡೆ ಗೆಣ್ಣಿನಿಂದ ಬಡಿಯುವುದು. ಮೂರೂ 'ಟಣ್' ಅಂದರೆ ಸರಿ. ಒಂದು 'ಟಕ್' ಅಂದರೂ ಕೆಳಗೆ ತುಕ್ಕಿದೆ, ಬಿಚ್ಚಿ ಮತ್ತೆ ಉಜ್ಜು. ಅಜ್ಜ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಜೇಬಿನ ಸೀಮೆಸುಣ್ಣವನ್ನು ಮಗಳು ಅವನ ಜೊತೆಗೇ ಶವಪೆಟ್ಟಿಗೆಯಲ್ಲಿಟ್ಟಿದ್ದಳು.

ಇಮ್ಕೆ ಈ ಕಾರು ಕೊಂಡದ್ದು ಜೂನ್‌ನಲ್ಲಿ.

ಗ್ಯಾರೇಜಿಗೆ ಮರಳಿ ಬಲ ಹಿಂಚಕ್ರ ಬಿಚ್ಚಿದರು. ಡಿಸ್ಕಿಗೆ ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ತಿರುಗಿಸಿದಾಗ ಮುಳ್ಳು ಹನ್ನೆರಡು ಗೆರೆ ಓಲಾಡಿತು. ಮಿಲಿಮೀಟರಿನ ನೂರರಲ್ಲಿ ಹನ್ನೆರಡು ಪಾಲು. ಐದು ದಾಟಿದರೇ ಕಷ್ಟ. ಡಿಸ್ಕ್ ಕಿತ್ತಾಗ ಹಬ್ಬಿನ ಮೇಲೆ ಉಗುರಿನಗಲ ತುಕ್ಕಿನ ಹಕ್ಕಳೆ. ಅದರ ಮೇಲೆ ಕೂತ ಡಿಸ್ಕ್ ಓರೆಯಾಗಿ ತಿರುಗಿ, ಐದು ತಿಂಗಳಲ್ಲಿ ಒಂದು ಕಡೆ ಸವೆದಿತ್ತು.

"ಜೂನ್‌ನಲ್ಲಿ ಈ ಹಿಂದಿನ ಡಿಸ್ಕ್ ಹಾಕಿದ್ದು ಯಾರು?"

"ನಾನೇ, ಮೇಸ್ತ್ರಿ."

"ಹಬ್ ಉಜ್ಜಿದ್ಯಾ?"

ಯೋಸ್ಟ್ ತಲೆ ತಗ್ಗಿಸಿದ. "ಶುಕ್ರವಾರ ಮಧ್ಯಾಹ್ನ... ಮನೆಗೆ ಹೊರಡೋ ಹೊತ್ತು. ಎರಡನ್ನೂ ಉಜ್ಜಲಿಲ್ಲ."

ಆಗಲೇ ಉಜ್ಜಿದ. ಹೊಸ ಡಿಸ್ಕ್ ಕೂರಿಸಿದ. ಮುಳ್ಳು ಎರಡು ಗೆರೆಗೆ ನಿಂತಿತು. ಎಡಗಡೆಯದು ಬೆಳಿಗ್ಗೆ ಅಂತ ಮಾತಾಯಿತು.

ಹೊರಡುವಾಗ ಗೇರ್ಟ್ ಜೇಬಿನಿಂದ ಗ್ಯಾರೇಜಿನ ಕೀ ತೆಗೆದ. "ತಗೋ. ನನ್ನ ಕೀನೂ ನೀನೇ ಇಟ್ಕೋ. ನಾಳೆ ನನ್ ಮೇಲೆ ಅನುಮಾನ ಪಡ್ಬೇಡ."

"ನಿಮಗೆ ನನ್ ಮೇಲೆ ಅನುಮಾನ ಇಲ್ವಾ?"

"ಇದೆ." ಗೇರ್ಟ್ ತನ್ನ ವ್ಯಾನನ್ನು ಬಾಗಿಲಿಗೆ ತಾಗುವಂತೆ ಅಡ್ಡ ನಿಲ್ಲಿಸಿ, ಅದರ ಕೀ ತೆಗೆದುಕೊಂಡು ಮನೆಗೆ ಹೋದ.

ಬೆಳಿಗ್ಗೆ ಏಳಕ್ಕೆ ಇಬ್ಬರೂ ಒಟ್ಟಿಗೇ ಬಂದರು. ವ್ಯಾನಿನ ಗಾಜಿನ ಮೇಲೆ ರಾತ್ರಿಯ ಮಂಜು ಗಟ್ಟಿಯಾಗಿ ಕೂತಿತ್ತು. ವ್ಯಾನಿನ ಕೆಳಗಿನ ನೆಲ ಒಣಗಿತ್ತು; ರಾತ್ರಿ ಅದು ಅಲ್ಲಿಂದ ಕದಲಿರಲಿಲ್ಲ. ವ್ಯಾನ್ ಸರಿಸಿ ಬೀಗ ತೆಗೆದರು. ಯೋಸ್ಟ್ ಎಡ ಹಿಂಚಕ್ರ ಬಿಚ್ಚಿದ. ಹಳೇ ಡಿಸ್ಕನ್ನು ಕೀಳುವ ಮೊದಲು, ರೂಢಿಯಂತೆ, ಗೇಜ್ ಹಚ್ಚಿ ಒಂದು ಸುತ್ತು ತಿರುಗಿಸಿದ.

ಮುಳ್ಳು ಅಲುಗಲಿಲ್ಲ.

ಗೇಜ್ ಕೆಟ್ಟಿದೆಯೆಂದು ಗೇರ್ಟ್ ಬೇರೊಂದು ತಂದ. ಮತ್ತೊಂದು ಸುತ್ತು. ಸೊನ್ನೆ.

ಡಿಸ್ಕ್ ಕಿತ್ತರು. ಹಬ್ಬು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಹಳದಿ ಗೆರೆ. ಯೋಸ್ಟ್ ಮುಟ್ಟಿದ. ಪುಡಿ ಬೆರಳಿಗೆ ಹತ್ತಿತು.

ಆ ಸಂಜೆ ಇಮ್ಕೆ ಪಾಳಿಗೆ ಹೋದಳು, ಬೆಳಿಗ್ಗೆ ಬಂದಳು. ಈಗಲೂ ಹೋಗಿ ಬರುತ್ತಾಳೆ. ಯೋಸ್ಟ್ ಈಗ ಗಿರಾಕಿ ಹೇಳಿದ್ದನ್ನು ಪೂರ್ತಿ ಕೇಳುತ್ತಾನೆ, ಕೇಳಿ ಬರೆದುಕೊಳ್ಳುತ್ತಾನೆ.

ನಂಬದಿದ್ದರೆ ಬಿಡಿ. ಆದರೆ ನಡೆದದ್ದು ನಿಜ. ಎಂಥ ಹೊಸ ಡಿಸ್ಕಾದರೂ, ಎಂಥ ಕೈಯಾದರೂ, ಮುಳ್ಳು ಒಂದು ಗೆರೆಯಾದರೂ ಅಲುಗಲೇಬೇಕು. ಆ ಎಡ ಹಿಂಚಕ್ರಕ್ಕೆ ಯೋಸ್ಟ್ ಆಮೇಲೆ ಹೊಸ ಡಿಸ್ಕ್ ಹಾಕಲಿಲ್ಲ. ಏಪ್ರಿಲ್‌ನಲ್ಲಿ ಚಳಿಗಾಲದ ಟೈರು ತೆಗೆದು ಬೇಸಿಗೆ ಟೈರು ಹಾಕುವಾಗ ಮತ್ತೆ ಅಳೆದ.

ಸೊನ್ನೆ.