ಸಮ ಇದ್ದರೆ ಕೂಗಬಾರದು

ಮುನೇಶ್ ಸರ್ ಅವರ ತಾಯಿ ಯಲ್ಲಮ್ಮನವರೇ, ಸರ್ ಹೆಂಡತಿ ಧನಲಕ್ಷ್ಮಿ ಅಕ್ಕ, ಅಕ್ಕೂರಿನಿಂದ ಬಂದಿರುವ ರೇಷ್ಮೆ ರೈತರೇ, ನಮ್ಮ ಚನ್ನಪಟ್ಟಣದ ಆಫೀಸಿನ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ನಾನು ಸುಮನಾ. ಆರು ವರ್ಷ ಸರ್ ಕೈಯಲ್ಲಿ ಬೈಸಿಕೊಂಡು ಕೆಲಸ ಕಲಿತವಳು. ಅಳಿಸೋ ಮಾತು ಬೇಡ ಅಂತ ಅಕ್ಕ ಮೊದಲೇ ಹೇಳಿದ್ದಾರೆ. ಅದಕ್ಕೆ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ.

ಸರ್ ಒಂದು ಲೈಬ್ರರಿ ಬರೆದಿದ್ದರು. ಪುಸ್ತಕದ್ದಲ್ಲ ಯಲ್ಲಮ್ಮನವರೇ — ಯಾವ ಪ್ರೋಗ್ರಾಮಿಗಾದರೂ ಬಳಸಬಹುದಾದ ಸಣ್ಣ ಸಣ್ಣ ಫಂಕ್ಷನ್‌ಗಳದ್ದು. ಅದರಲ್ಲಿ ಒಂದಕ್ಕೆ ಎರಡು ಸಂಖ್ಯೆ ಕೊಟ್ಟರೆ, ಮೊದಲನೆಯದು ದೊಡ್ಡದೋ ಅಲ್ಲವೋ ಹೇಳುತ್ತೆ. ಎರಡೂ ಸಮ ಇದ್ದರೆ? ಅಲ್ಲ ಅನ್ನುತ್ತೆ. ಅಷ್ಟೇ! ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ನಾವು ಕೂರಿಸಿದ್ದ ಡಬ್ಬ ಇದೆಯಲ್ಲ, ಬಿಸಿ ಇಪ್ಪತ್ತೆಂಟು ಡಿಗ್ರಿ ದಾಟಿದರೆ ಅದರ ಸೈರನ್ ಕೂಗಿಸುತ್ತಿದ್ದದ್ದು ಈ ಫಂಕ್ಷನ್ನೇ.

ನಾನು ಮಹಾ ಬುದ್ಧಿವಂತೆ. ಇಪ್ಪತ್ತೆಂಟು ಆದಾಗಲೇ ಕೂಗಲಿ, ಒಳ್ಳೇದಲ್ವಾ ಅಂತ ಸರ್‌ನ ಕೇಳದೆ ಬದಲಾಯಿಸಿಬಿಟ್ಟೆ.

ಬೋರಲಿಂಗಯ್ಯನವರ ಹುಳುಮನೆ ಅವತ್ತಿಡೀ ಇಪ್ಪತ್ತೆಂಟರಲ್ಲೇ ನಿಂತಿತ್ತು. ಸೈರನ್ನೂ ನಿಲ್ಲಲಿಲ್ಲ. ಸಂಜೆಗೆ ಇವರ ಫೋನು — ಅಲ್ಲಿ ನಗ್ತಾ ಕೂತಿದ್ದಾರೆ ನೋಡಿ — "ಏನವ್ವಾ, ನಿಮ್ ಡಬ್ಬ ದೆವ್ವ ಹಿಡ್ದಂಗೆ ಬಡ್ಕೊತೈತೆ, ಸೈರನ್ ವೈರು ಕಿತ್ತಾಕ್ಬುಟ್ಟೆ!"

ಮಾರನೇ ದಿನ ಮಧ್ಯಾಹ್ನ ಆಫೀಸಿನ ಸ್ಕ್ರೀನಿನಲ್ಲಿ ಇವರ ಹುಳುಮನೆ ಮೂವತ್ತನಾಲ್ಕು! ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದ ಹುಳು, ಇನ್ನೊಂದು ವಾರಕ್ಕೆ ಗೂಡು. ಬೋರಲಿಂಗಯ್ಯನವರು ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದಾರೆ, ಫೋನ್ ಎತ್ತುತ್ತಿಲ್ಲ. ಸರ್ ನನ್ನನ್ನು ಬೈಕಿಗೆ ಹತ್ತಿಸಿಕೊಂಡು ಹೊರಟರು. ಹೋಗಿ ಕಿಟಕಿಗಳನ್ನೆಲ್ಲ ತೆಗೆದು, ಗೋಣಿಚೀಲ ನೆನೆಸಿ ನೆನೆಸಿ ಅವಕ್ಕೆ — ಹೀಗೆ — ಕಟ್ಟಿದೆವು. ಹುಳು ಉಳಿದವು.

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದೆ. ಸರ್ ಮುಖ ಒರೆಸಿಕೊಂಡು, "ಸಮ ಇದ್ದಾಗ ಕೂಗ್ಬಾರ್ದು ಕಣಮ್ಮ. ಸುಮ್‌ಸುಮ್ನೆ ಕೂಗುದ್ರೆ, ನಿಜವಾಗ್ಲೂ ಕೂಗ್ದಾಗ ಯಾರೂ ಬರಾಕಿಲ್ಲ" ಅಂದರು. ಆಫೀಸಿನಲ್ಲಿ ತಪ್ಪು ಯಾರದು ಅಂತ ಕೇಳಿದಾಗ — "ಲೈಬ್ರರಿ ನಂದು, ತಪ್ಪೂ ನಂದೇ" ಅಂದರು. ನನ್ನ ಕೆಲಸ ಉಳಿಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳಿದ್ದೇನೆ.

ಈಗ ಆ ಲೈಬ್ರರಿ ನನ್ನ ಜವಾಬ್ದಾರಿ. ಮೊನ್ನೆ ಅದನ್ನು ಬಳಸುವ ಯಾವುದೋ ಊರಿನವರು, ಸಮ ಇದ್ದರೂ ಹೌದು ಅನ್ನಲಿ, ಆ ಸಾಲು ಬದಲಾಯಿಸಿ ಅಂತ ಕೇಳಿದ್ದರು. ಬೇಡ ಅಂದೆ. ಯಾಕೆ ಬೇಡ ಅಂತ ಎರಡು ಪುಟ ಬರೆದೆ. ಬರೆದು ಪಕ್ಕಕ್ಕೆ ತಿರುಗಿ, "ಸರ್, ಒಸಿ ನೋಡಿ, ಸರಿಯಾಗಿದೆಯಾ?" ಅಂದುಬಿಟ್ಟೆ.

ಕುರ್ಚಿ ಖಾಲಿ ಇತ್ತು.

ಬನ್ನಿ — ಸರ್‌ಗೋಸ್ಕರ ಎಲ್ಲರೂ ಎದ್ದು ನಿಲ್ಲೋಣ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ.