ಬಿಚ್ಚಿ ನೋಡದ ಗಂಟು

ಚನ್ನಗಿರಿ ಬಸ್ ನಿಲ್ದಾಣದಲ್ಲಿ ಜಪ ಮಾಡುತ್ತ ಕೂತಿದ್ದ ನನ್ನ ಪಕ್ಕ ಇಬ್ಬರು ವಾರಗಿತ್ತಿಯರು ಬಂದು ಕೂತರು. ಕಿರಿಯಾಕೆ ಕೇಳಿದಳು:

“ಸಿಂಗಾಪುರಕ್ಕೆ ಒಯ್ದ ಬ್ಯಾಗಿನಾಗೆ ಡ್ರಗ್ಸ್ ಐತೆ ಅಂತ ನಿಂಗರಾಜಂಗೆ ಗೊತ್ತಾಗಲಿಲ್ವೇನಕ್ಕಾ?”

“ತ್ಯಾವಣಿಗೆ ಬಸ್ಸಿನಾಗೆ ಯಾರಾದ್ರೂ ಗಂಟು ಕೊಟ್ರೆ ನಾವು ಬಿಚ್ಚಿ ನೋಡ್ತೀವೇನೇ? ನನ್ನ ಮಗ ಹಂಗೇ ಇಸ್ಕಂಡ. ಅಲ್ಲಿ ಅದಕ್ಕೆ ಗಲ್ಲಿಗೆ ಹಾಕ್ತಾರಂತೆ.”

“ಅವನು ವಿಮಾನ ಹತ್ತಿದ ದಿನ ಹೊಟ್ಟೆಕಿಚ್ಚಿಗೆ ನಾನು ಉಣ್ಣಲಿಲ್ಲಕ್ಕಾ. ಸಿಂಗಾಪುರದ ಕೆಲಸಕ್ಕೆ ಏಜೆಂಟು ನನ್ನ ಮಗ ಶರಣೂನ ಬ್ಯಾಡ ಅಂದಿದ್ನಲ್ಲ.”

“ಗೊತ್ತು ಬಿಡು. ಅದಕ್ಕೇ ನಾನು ಎರಡು ಹೋಳಿಗೆ ಜಾಸ್ತಿ ತಿಂದೆ. ಈಗ ತಡವಾಗಿ ಬಂದ ಅಂತ ದಿನಾ ಶರಣೂನ ಬೈತೀಯಲ್ಲ, ಗೋಡೆಯಾಚೆ ಕೇಳಿಸಿಕೊಂಡು ನನ್ನ ಹೊಟ್ಟೆ ಉರಿತೈತೆ ಕಣೇ.”

“ಇನ್ಮೇಲೆ ಬೈಯಲ್ಲಕ್ಕಾ.”

“ಬೈಯಿ. ಬೈಸಿಕೊಳ್ಳಾಕೆ ನಿನ್ನ ಮಗ ಮನೆಗೆ ಬರ್ತಾನೆ.”

ಬಸ್ಸು ಬಂತು. ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.