ಹೈಬರ್ಟ್ ಬರೆದ ಬೆಳ್ಳಿಯ ಹೂಜಿ

ಡಾರ್ಡ್ರೆಕ್ಟಿನ ಚಿತ್ರಕಾರರ ಸಂಘದ ಹಿರಿಯರೇ, ಊರ ಮಹನೀಯರೇ, ಮಗಳ ಕೈ ಹಿಡಿದು ಕುಳಿತಿರುವ ಹೈಬರ್ಟನ ಮಡದಿ ಆಲ್ಟಿಯೆ ಅಮ್ಮನವರೇ — ಹೈಬರ್ಟನ ಪಕ್ಕದ ಮನೆಯಲ್ಲೇ ಚಿತ್ರ ಬರೆದುಕೊಂಡು ಬದುಕಿದ ವೌಟರ್ ನಾನು, ನನ್ನ ವಂದನೆ. ೧೬೬೮ರ ಈ ಕೊರೆಯುವ ಚಳಿಯಲ್ಲೂ ಇಷ್ಟೊಂದು ಜನ ಬಂದಿದ್ದೀರಿ. ಅವನು ಬದುಕಿದ್ದಾಗ ಇದರಲ್ಲಿ ಕಾಲು ಭಾಗ ಬಂದಿದ್ದರೂ — ಇರಲಿ.

ಇಗೋ, ಅವನ ಚಿತ್ರ. ಅರ್ಧ ತೆರೆದ ಬೀರು, ಸುಲಿದ ನಿಂಬೆ, ಬೆಳ್ಳಿಯ ಹೂಜಿ. ಈಗತಾನೇ ಗಣ್ಯರೊಬ್ಬರು ಬೀರುವಿನ ಬಾಗಿಲು ಮುಚ್ಚಲು ಕೈ ಚಾಚಿದರು! ಬರೀ ಬಣ್ಣ, ಸ್ವಾಮಿ. ಇದನ್ನು ಇಂದಿನ ಸಭೆಗೆ ಕಳಿಸಿಕೊಟ್ಟವರು ಮೀನಿನ ವ್ಯಾಪಾರಿ ಕ್ರಿಸ್ಪೈನ್ ಸಾಹುಕಾರರು. ಹಿಂದಿನ ಸಾಲಿನಲ್ಲಿದ್ದಾರೆ.

ಆ ಹೂಜಿ ಅವರದೇ. ಮಾದರಿಗೆಂದು ಹೈಬರ್ಟ್ ತಂದ, ಬರೆದ, ಅವರ ಅಡುಗೆಮನೆಯ ಮೇಜಿನ ಮೇಲಿಟ್ಟು ಬಂದೆನೆಂದ. ಹೂಜಿ ವಾಪಸು ಬಂದೇ ಇಲ್ಲ ಎಂದರು ಸಾಹುಕಾರರು. ಅಷ್ಟೇ. ಸಂತೆಯಲ್ಲಿ ಶುರುವಾಯಿತು — "ಕಣ್ಣಿಗೇ ಮೋಸ ಮಾಡೋನು ಸಾಹುಕಾರ್ರಿಗೆ ಮಾಡಲ್ವಾ?"

ಹೈಬರ್ಟ್ ಕೆರಳಿದ. ಇದೇ ಸಭಾಂಗಣದಲ್ಲಿ, ನಿಮ್ಮೆಲ್ಲರೆದುರು ಕುಳಿತು, ಆ ಹೂಜಿಯನ್ನು ನೆನಪಿನಿಂದಲೇ ಇನ್ನೊಮ್ಮೆ ಬರೆದ. "ನನ್ ಹತ್ರ ಇಲ್ಲ ಕಣ್ರಪ್ಪಾ, ತಲೇಲಿದೆ ಅಷ್ಟೇ!" ಎಂದ. ಅದರ ಹೊಳಪು ನೋಡಿ ನೀವೇನೆಂದಿರಿ? "ನೋಡ್ದೇ ಹಿಂಗೆ ಬರಿಯೋಕಾಗುತ್ತಾ? ಮನೇಲಿ ಬಚ್ಚಿಟ್ಕೊಂಡು ದಿನಾ ನೋಡ್ತಾನೆ!" — ಅವನ ಕೈಚಳಕವೇ ಅವನ ಮೇಲೆ ಸಾಕ್ಷಿ ಹೇಳಿತು.

ಹೂಜಿಗೆ ಬದಲಾಗಿ ಈ ಬೀರುವಿನ ಚಿತ್ರ ಸಾಹುಕಾರರ ಪಾಲಾಯಿತು. ಆಮೇಲೆ ಅವನಿಗೆ ಯಾರೂ ಒಂದು ತಗಡಿನ ತಟ್ಟೆ ಕೂಡ ಮಾದರಿಗೆ ಕೊಡಲಿಲ್ಲ. ಈರುಳ್ಳಿ ಬರೆದ. ತನ್ನದೇ ಮುರಿದ ಚಿಲುಮೆ ಬರೆದ. ಹೀಗೇ ಏಳು ವರ್ಷ — ಜ್ವರ ಬಂದು ಮಲಗುವವರೆಗೆ.

ಮೊನ್ನೆ ಭಾನುವಾರ ಈ ಚಿತ್ರ ಕೇಳಲೆಂದು ಸಾಹುಕಾರರ ಮನೆಗೆ ಹೋದೆ. ಊಟದ ಹೊತ್ತು. ಮೇಜಿನ ಮೇಲೆ ದ್ರಾಕ್ಷಾರಸ ತುಂಬಿದ ಬೆಳ್ಳಿಯ ಹೂಜಿ.

"ಎಲ್ಲಿ ಸಿಕ್ತು ಸಾಹುಕಾರ್ರೇ?"

"ಇದು ಹೊಸದು ವೌಟರ್, ಹೊಸದಾಗಿ ಮಾಡಿಸಿದ್ದು."

"ಹೊಸದರಲ್ಲಿ ನಗ್ಗು ಯಾಕೆ?"

ಸಾಹುಕಾರರು ಕೈವಸ್ತ್ರ ತೆಗೆದು ಮೆಲ್ಲಗೆ ಅದರ ಮೇಲೆ ಹೊದಿಸಿದರು.

ಬನ್ನಿ, ಚಿತ್ರದ ಹತ್ತಿರ ಬನ್ನಿ. ಹಿಡಿಯ ಕೆಳಗೆ — ಇಲ್ಲಿ — ಹೆಬ್ಬೆರಳಗಲದ ನಗ್ಗು. ಮೊನ್ನೆ ನಾನು ಕಂಡದ್ದೂ ಅಲ್ಲೇ, ಅಷ್ಟೇ ಅಗಲ. ಹೈಬರ್ಟ್ ಅದನ್ನೂ ಬಿಟ್ಟಿರಲಿಲ್ಲ.

ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಆ ಹೊತ್ತು ಹೂಜಿ ಎಲ್ಲೋ ಕೈತಪ್ಪಿ ಬಿದ್ದಿರಬಹುದು. ಆದರೆ ಸಾಹುಕಾರರೇ, ಸಿಕ್ಕಿದ್ದು ಯಾವಾಗ? ಸಿಕ್ಕಿದ ಮೇಲೆ ಯಾರಿಗೆ ಹೇಳಿದಿರಿ? ಅವನು ಉಸಿರಾಡುತ್ತಿರುವಾಗಲೇ ಸಿಕ್ಕಿತ್ತೇ? — ಉತ್ತರ ನನಗೆ ಬೇಡ.

ಮಹನೀಯರೇ, ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರುತ್ತೇನೆ. ಟೋಪಿ ತೆಗೆಯಿರಿ. ಹೈಬರ್ಟನಿಗಾಗಿ ಸ್ವಲ್ಪ ಹೊತ್ತು ಮೌನ —

ಕ್ರಿಸ್ಪೈನ್ ಸಾಹುಕಾರರೇ, ಬಾಗಿಲ ಕಡೆಗಲ್ಲ. ಇತ್ತ — ಆಲ್ಟಿಯೆ ಅಮ್ಮನವರ ಕಡೆ ಮುಖ ಮಾಡಿ ನಿಲ್ಲಿ.